ಏಳನೆಯ ಹೆಸರು

ಎಡಗಾಲಿನ ಶೂ ಸರಿಯಾಗಿ ಕೂತಿತು, ಬಲಗಾಲಿನದು ಕೂರಲಿಲ್ಲ. ಗಿರಾಕಿಯ ಹಿಮ್ಮಡಿಗೂ ಶೂವಿನ ಬೆನ್ನಿಗೂ ನಡುವೆ ತಗಡಿನ ಶೂ-ಹಾರ್ನ್ ತೂರಿಸಿ ಒತ್ತುತ್ತ, ಮೊಣಕಾಲೂರಿ ಕುಳಿತಿದ್ದ ಅವನು ಕತ್ತು ತಿರುಗಿಸದೆ ಕಣ್ಣನ್ನಷ್ಟೇ ಗೋಡೆಯ ಗಡಿಯಾರದತ್ತ ಹೊರಳಿಸಿದ. ಹತ್ತು ಇಪ್ಪತ್ತು. ಹನ್ನೊಂದೂವರೆಗೆ ಕೋರ್ಟು. "ಬೆರಳು ಮುಂದೆ ತಾಗ್ತಿದೆಯಾ ಸಾರ್?" ಎಂದು ಕೇಳಿದ. ಗಿರಾಕಿ ಫೋನಿನಲ್ಲಿದ್ದ, ಉತ್ತರವಾಗಿ ಪಾದವನ್ನು ಒಮ್ಮೆ ಅಲ್ಲಾಡಿಸಿದ. ಎರಡೂ ಕಾಲು ಒಂದೇ ಅಳತೆಯಿರುವ ಮನುಷ್ಯನನ್ನು ಇಪ್ಪತ್ತಾರು ವರ್ಷದಲ್ಲಿ ಅವನು ಕಂಡಿರಲಿಲ್ಲ. ತನ್ನದೇ ಅಂಗಡಿಗಳಿದ್ದಾಗ ಕೆಲಸದವರಿಗೆ ಇದನ್ನೇ ಹೇಳಿಕೊಡುತ್ತಿದ್ದ: ದೊಡ್ಡ ಕಾಲಿಗೆ ಶೂ ಕೊಡಿ, ಚಿಕ್ಕ ಕಾಲು ಹೇಗೋ ಹೊಂದಿಕೊಳ್ಳುತ್ತೆ. ಹೇಳುವಾಗ ತಾನು ನಿಂತಿರುತ್ತಿದ್ದ, ಅವರು ಕೂತಿರುತ್ತಿದ್ದರು. ಈಗ ಕೆಳಗಿನಿಂದ ನೋಡುವಾಗ ಮನುಷ್ಯರ ಮುಖಕ್ಕಿಂತ ಮೊದಲು ಅವರ ಮೂಗಿನ ಹೊಳ್ಳೆ ಕಾಣುತ್ತದೆ. ಗಿರಾಕಿ ಫೋನು ಕಿವಿಯಿಂದ ತೆಗೆದು ಕೆಳಗೆ ನೋಡಿದ, ಹುಬ್ಬೇರಿಸಿದ. "ನೀವು... ಮೂರಂಗಡಿ ಅಲ್ವಾ?" ಅವನು ಲೇಸು ಕಟ್ಟುತ್ತಲೇ ನಕ್ಕ. ಅಂಗಡಿ ಮೂರೂ ಹೋಗಿ ಎರಡೂವರೆ ವರ್ಷವಾಗಿತ್ತು. ಹೆಸರು ಮಾತ್ರ ಹೋಗಿರಲಿಲ್ಲ; ಜನ ಕೊಟ್ಟ ಹೆಸರನ್ನು ಹರಾಜು ಹಾಕಲು ಯಾವ ಕೋರ್ಟಿಗೂ ಬರುವುದಿಲ್ಲ.

ಗಲ್ಲಾದಲ್ಲಿ ಕೂತಿದ್ದ ಸಣ್ಣ ಯಜಮಾನನಿಗೆ ಮೂವತ್ತು ದಾಟಿರಲಿಲ್ಲ. ಅಪ್ಪನಿಂದ ಅಂಗಡಿ ಬಂದಿತ್ತು, ಜೊತೆಗೆ ಅಪ್ಪನ ಗಂಟಲೂ ಬಂದಿತ್ತು. "ಹಲ್ಲಿನ ಡಾಕ್ಟರ ಹತ್ರ ಅಲ್ವಾ? ಯಾವ ಹಲ್ಲು?" ಎಂದ, ಎಲ್ಲರಿಗೂ ಕೇಳುವಂತೆ. ಅವನು ಎಡಗೆನ್ನೆ ಮುಟ್ಟಿಕೊಂಡ. "ನಿನ್ನೆ ಬಲಗಡೆ ಅಂದಿದ್ರಿ." "ಅದು... ಒಳಗೊಳಗೇ ಹರಡಿದೆ ಅನ್ಸುತ್ತೆ." ಯಜಮಾನ ನಗಲಿಲ್ಲ, ರಸೀದಿ ಪುಸ್ತಕದ ಹಾಳೆ ತಿರುವಿ, "ಹೋಗಿ ಬನ್ನಿ, ನೋವಿಟ್ಕೊಂಡು ಕೂರಬಾರದು" ಎಂದ. ಆ ಮಾತಿನಲ್ಲಿದ್ದದ್ದು ಕನಿಕರವೋ ಕುಟುಕೋ ತಿಳಿಯದೆ ಅವನು ಬೀದಿಗಿಳಿದ. ಐವತ್ತೆರಡು ವರ್ಷದ ಗಂಡಸು, ಶಾಲೆ ತಪ್ಪಿಸುವ ಹುಡುಗನ ಹಾಗೆ ಸುಳ್ಳು ಹೇಳುವುದು, ಅದೂ ನೆಟ್ಟಗೆ ಹೇಳಲು ಬಾರದೆ.

ಹತ್ತು ನಿಮಿಷದ ದಾರಿ. ಅವನು ನೇರ ಹೋಗಲಿಲ್ಲ, ಬ್ಯಾಂಕಿನ ಹಿಂದಿನ ಸಂದಿ ಹಿಡಿದ. ಮುಖ್ಯ ರಸ್ತೆಯಲ್ಲಿ ತನ್ನ ಎರಡನೆಯ ಅಂಗಡಿ ಇದ್ದ ಜಾಗವಿತ್ತು. ಅಲ್ಲೀಗ ಔಷಧಿ ಮಾರುತ್ತಿದ್ದರು. ಮೊದಲ ಅಂಗಡಿ ಚೆನ್ನಾಗಿತ್ತು, ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು, ಮೂರನೆಯದನ್ನು ಯಾಕೆ ತೆರೆದೆ ಎಂದು ವಕೀಲ ಕೇಳಿದಾಗ ಅವನಿಗೆ ಉತ್ತರ ಸಿಕ್ಕಿರಲಿಲ್ಲ. ಎರಡಿದ್ದವನಿಗೆ ಮೂರಾಗಬೇಕು ಅನ್ನಿಸುವುದಕ್ಕೆ ಕಾರಣವೇನು ಬೇಕು? ಮೊದಲ ಸಾಲ ಸರಕಿಗೆ. ಎರಡನೆಯದು ಮೊದಲನೆಯದರ ಬಡ್ಡಿಗೆ. ಆಮೇಲಿನದು ಸಾಲ ಇಲ್ಲ ಎಂದು ತೋರಿಸುವುದಕ್ಕೆ: ಹೊಸ ಗಾಜು, ಹೊಸ ದೀಪ, ವರ್ತಕರ ಸಂಘದ ಊಟಕ್ಕೆ ಚಂದಾ. ದಿವಾಳಿ ಎನ್ನುವುದು ಆಗ ಅವನಿಗೆ ಬೈಗುಳ. ಯಾರಾದರೂ ಕೆಟ್ಟರೆ 'ದಿವಾಳಿ ಎದ್ದ' ಎಂದು ಬಾಯಿ ಚಪ್ಪರಿಸಿ ಹೇಳಿದವನೇ. ಅದು ಅರ್ಜಿ, ಅದಕ್ಕೆ ನಮೂನೆ ಇದೆ, ನಮೂನೆಗೆ ಹದಿನಾಲ್ಕು ಪುಟ ಇದೆ, ಹದಿನಾಲ್ಕರಲ್ಲೂ ಸಹಿ ಹಾಕಬೇಕು ಎಂದು ಆಮೇಲೆ ತಿಳಿಯಿತು. ಸಹಿ ಹಾಕುತ್ತ ಹಾಕುತ್ತ ಕೊನೆಯ ಪುಟಗಳಲ್ಲಿ ಅವನ ಹೆಸರು ಬೇರೆ ಯಾರದೋ ಹೆಸರಿನಂತೆ ಕಂಡಿತ್ತು.

ವಕೀಲನ ಕೋಣೆಯಲ್ಲಿ ಫ್ಯಾನು ತಿರುಗಿದಾಗೆಲ್ಲ ಕಾಗದಗಳು ಏಳುತ್ತಿದ್ದವು. ಅವನು ಎರಡೂ ಅಂಗೈಯಿಂದ ಒತ್ತಿ ಹಿಡಿದುಕೊಂಡು ಸಾಲ ಕೊಟ್ಟವರ ಪಟ್ಟಿ ಬರೆಸಿದ್ದ. ಎರಡು ಬ್ಯಾಂಕು, ಒಂದು ಫೈನಾನ್ಸು, ಸರಕಿನವರು ಮೂವರು. ಏಳನೆಯ ಹೆಸರು ಅಕ್ಕನದು. ಆಮೇಲೆ ಕಟ್ಟಡದ ಮಾಲೀಕ, ಕೊನೆಗೆ ವಿದ್ಯುತ್ ಕಂಪನಿ. ಅಕ್ಕ ಫೈನಾನ್ಸಿನವರ ಕೆಳಗೆ, ಕರೆಂಟಿನವರ ಮೇಲೆ. "ಎಷ್ಟು?" ಎಂದಿದ್ದ ವಕೀಲ. "ಚೆಕ್ಕಲ್ಲಿ ನಾಲ್ಕು ಲಕ್ಷ. ಕೈಯಲ್ಲಿ ಇನ್ನೊಂದು ಎರಡು." "ಕೈಯಲ್ಲಿ ಕೊಟ್ಟಿದ್ದಕ್ಕೆ ಕಾಗದ?" "ಇಲ್ಲ." "ಆ ಎರಡು ಏನು ಮಾಡಿದ್ರಿ?" ಅವನು ಹೇಳಿದ. ವಕೀಲ ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡ. "ಹಾಗಾದ್ರೆ ಎರಡನ್ನ ಮರೆತುಬಿಡಿ. ಬರೆದ್ರೆ, ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಅರ್ಜಿ ಹಾಕೋ ಮುಂಚೆ ಒಬ್ಬನಿಗೆ ಮಾತ್ರ ತೀರಿಸಿ ಉಳಿದವರಿಗೆ ಕೈಯೆತ್ತಿದ್ರೆ ಕಾನೂನು ಒಪ್ಪಲ್ಲ. ಅಕ್ಕ ಅಲ್ವಾ? ಅವರಿಗೆ ಗೊತ್ತಿರುತ್ತೆ, ನಿಮಗೆ ಗೊತ್ತಿರುತ್ತೆ. ಸಾಕು." ಸಾಕು ಎಂದು ಅವನಿಗೂ ಅನ್ನಿಸಿತ್ತು. ಅನ್ನಿಸಿತ್ತು ಎನ್ನುವುದೂ ಸುಳ್ಳು. ಆ ಹೊತ್ತಿಗೆ ಯಾರಾದರೂ ಏನಾದರೂ ಬಿಡಿ ಎಂದರೆ ಬಿಡುವುದಕ್ಕೆ ಸಿದ್ಧನಾಗಿದ್ದ.

ಆ ಎರಡು ಲಕ್ಷವನ್ನು ಅಕ್ಕ ಕೊಟ್ಟದ್ದು ಅವಳ ಅಡುಗೆಮನೆಯಲ್ಲಿ, ಹಗಲು ಮೂರರ ಹೊತ್ತಿಗೆ. ಒಲೆಯ ಮೇಲೆ ಹಾಲಿತ್ತು. ಭಾವ ಒಳಕೋಣೆಯಲ್ಲಿ ಮಲಗಿದ್ದರು, ಗೊರಕೆ ಕೇಳುತ್ತಿತ್ತು. ಹಿಟ್ಟಿನ ಡಬ್ಬಿಯ ಹಿಂದಿನಿಂದ ಕಾಗದದ ಚೀಲ ತೆಗೆದು, "ಎಣಿಸ್ಕೊ" ಎಂದಳು ಪಿಸುಗುಟ್ಟಿ. "ಬೇಡಕ್ಕ." "ಎಣಿಸೋ. ಮಕ್ಕಳಿಗೆ ಮೂವತ್ತು ವರ್ಷ ಲೆಕ್ಕ ಹೇಳಿದವಳು ನಾನು, ಎಣಿಸದೆ ಯಾರಿಗೂ ಏನೂ ಕೊಟ್ಟಿಲ್ಲ." ಅವನು ಎಣಿಸುತ್ತಿದ್ದಾಗ ಗೊರಕೆ ನಿಂತಿತು. ಇಬ್ಬರೂ ಉಸಿರು ಹಿಡಿದು ನಿಂತರು, ಸಕ್ಕರೆ ಕದ್ದ ಮಕ್ಕಳ ಹಾಗೆ. ಅಷ್ಟರಲ್ಲಿ ಹಾಲು ಉಕ್ಕಿತು. "ನಿಮ್ಮ ಭಾವನಿಗೆ ಚೆಕ್ಕಿನದ್ದು ಮಾತ್ರ ಗೊತ್ತು. ಇದು ಗೊತ್ತಿಲ್ಲ. ತಿಳೀತಾ?" ಎಂದಳು ಒಲೆ ಒರೆಸುತ್ತ. ಕೆಲಸದವರ ಸಂಬಳಕ್ಕೆ ಎಂದು ಹೇಳಿ ತೆಗೆದುಕೊಂಡಿದ್ದ. ಸಂಬಳಕ್ಕೇ ಎಂದು ತಾನೂ ನಂಬಿದ್ದ, ಬಸ್ಸು ಇಳಿಯುವವರೆಗೆ. ಬಸ್ಸು ಇಳಿದ ಮೇಲೆ ಕಾಲು ನೇರ ವರ್ತಕರ ಸಂಘದ ಅಧ್ಯಕ್ಷರ ಕಚೇರಿಗೆ ಹೋಯಿತು. ಅವರಿಂದ ಒಮ್ಮೆ ಎರಡು ಲಕ್ಷ ಕೈಗಡ ತಂದಿದ್ದ. ಅವರು ಕೇಳಿರಲಿಲ್ಲ. ಕೇಳುವ ಮನುಷ್ಯರೂ ಅಲ್ಲ. ಅವರ ಕಾರಿನ ನಾಲ್ಕು ಚಕ್ರಕ್ಕೆ ಅಷ್ಟಾಗುತ್ತಿತ್ತೇನೋ. ಆದರೆ ನಾಳೆ ಹೆಸರು ಕೋರ್ಟಿನ ಫಲಕಕ್ಕೆ ಬೀಳುವಾಗ ಈ ಒಬ್ಬ ಮನುಷ್ಯನ ಬಾಯಲ್ಲಾದರೂ 'ನನ್ನದು ಕೊಟ್ಟುಬಿಟ್ಟ, ಪಾಪ, ಮರ್ಯಾದಸ್ಥ' ಎಂಬ ಮಾತು ಬರಬೇಕಿತ್ತು. ಚೀಲ ಮೇಜಿನ ಮೇಲಿಟ್ಟ. ಅಧ್ಯಕ್ಷರು ಎಣಿಸಲಿಲ್ಲ. ಡ್ರಾಯರಿಗೆ ತಳ್ಳಿ, "ಏನಪ್ಪ ಅವಸರ ಇತ್ತು?" ಎಂದರು. ಆ ಎಣಿಸದ ದೊಡ್ಡತನಕ್ಕೆ ಅವನ ಕಣ್ಣು ತುಂಬಿ ಬಂದಿತ್ತು. ಈಗ ಸಂದಿಯಲ್ಲಿ ನಡೆಯುತ್ತ ಅದು ನೆನಪಾಗಿ, ಕಿವಿ ಬಿಸಿಯಾಗಿ, ಎದುರಿಗೆ ಬರುತ್ತಿದ್ದ ಸೈಕಲ್ಲಿಗೆ ದಾರಿ ಬಿಡಲೂ ಮರೆತ.

ಕೋರ್ಟಿನ ಮೊಗಸಾಲೆಯಲ್ಲಿ ವಕೀಲ ಕಾಯುತ್ತಿದ್ದ. "ಹತ್ತು ನಿಮಿಷದ ಕೆಲಸ. ರಿಸೀವರ್ ವರದಿ ಚೆನ್ನಾಗಿದೆ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಸಾಲ ಕೊಟ್ಟವರು ಯಾರೂ ಬರಲ್ಲ, ಬ್ಯಾಂಕಿನ ಹುಡುಗಿ ಒಬ್ಬಳು ಬಂದಿದಾಳೆ, ಸುಮ್ನೆ ಹಾಜರಿಗೆ. ಇವತ್ತು ಆದೇಶ ಆಯ್ತು ಅಂದ್ರೆ ಹಳೇದೆಲ್ಲ ಅಳಿಸಿಹೋಯ್ತು. ಸಂಬಳ ಪೂರ್ತಿ ನಿಮ್ದು, ಬ್ಯಾಂಕಲ್ಲಿ ಖಾತೆ ತೆಗೀಬಹುದು, ನೆಟ್ಟಗೆ ನಿದ್ದೆ ಮಾಡಬಹುದು." ಅವನು ತಲೆಯಾಡಿಸುತ್ತಿದ್ದ. ತಲೆಯಾಡಿಸುತ್ತಲೇ ಮೊಗಸಾಲೆಯ ಆ ತುದಿಯ ಬೆಂಚು ಕಂಡಿತು. ಅಕ್ಕ. ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಭಾವ. ಅಕ್ಕ ತೆಳ್ಳಗಾಗಿದ್ದಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅದರ ಹಿಡಿಕೆ ಹಿಡಿದಿದ್ದಳು, ಬಸ್ಸಿನಲ್ಲಿ ಹಿಡಿಯುವಂತೆ. ಅರ್ಜಿ ಹಾಕಿದ ಮೇಲೆ ಅವಳು ಫೋನು ಮಾಡಿರಲಿಲ್ಲ; ಅವನು ಎರಡು ಸಲ ಮಾಡಿದಾಗ ಭಾವ ಎತ್ತಿ ಏನೂ ಮಾತಾಡದೆ ಇಟ್ಟಿದ್ದರು. ಸಿಟ್ಟು ಎಂದುಕೊಂಡಿದ್ದ. ಸಿಟ್ಟಾದರೆ ಒಳ್ಳೆಯದು, ಸಿಟ್ಟಿಗೆ ಒಂದು ಕೊನೆ ಇರುತ್ತದೆ. ಈಗ ಇಲ್ಲಿಗೇ ಯಾಕೆ ಬಂದರು? ಇಷ್ಟು ಜನರೆದುರು ಉಗಿಯುವುದಕ್ಕಾ? ಒಂದು ಕ್ಷಣ ಅವನಿಗೇ ಸಿಟ್ಟು ಬಂತು: ಇನ್ನೇನು ಬೇಕಂತೆ ಇವಳಿಗೆ, ನನಗುಳಿದದ್ದು ಬಾಡಿಗೆಯ ಎರಡು ಕೋಣೆ, ಮಂಡಿ ನೋವು, ಇದರಲ್ಲಿ ಪಾಲು ಬೇಕಾ? ನಲ್ಲಿಯ ಹತ್ತಿರ ಹೋಗಿ ನೀರು ಕುಡಿದ, ಮುಖ ತೊಳೆದ, ಮತ್ತೆ ಕುಡಿದ. ತಿರುಗಿ ಬಂದಾಗ ಬೆಂಚು ಖಾಲಿ. ಎಲ್ಲರೂ ಒಳಗೆ ಹೋಗಿದ್ದರು.

ನ್ಯಾಯಾಧೀಶೆಗೆ ನೆಗಡಿಯಾಗಿತ್ತು. ಪ್ರತಿ ವಾಕ್ಯಕ್ಕೊಮ್ಮೆ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು, ಅದರಿಂದ ಅವರು ಹೇಳಿದ್ದಕ್ಕೆಲ್ಲ ಒಂದು ಬೇಸರದ ಧಾಟಿ ಬಂದಿತ್ತು. ರಿಸೀವರ್ ಎದ್ದು ವರದಿ ಓದಿದ. ಕೋರ್ಟಿನ ಪರವಾಗಿ ಅವನ ಆಸ್ತಿಯನ್ನೆಲ್ಲ ವಶಕ್ಕೆ ತೆಗೆದುಕೊಂಡು ಮಾರಿ ಹಂಚಿದ ಅಧಿಕಾರಿ ಇವನೇ. ಅವನ ಮನೆಯ ಚಮಚಗಳ ಸಂಖ್ಯೆಯೂ ಇವನಿಗೆ ಗೊತ್ತು. ಸರಕು ಮಾರಿದ್ದು ಇಷ್ಟಕ್ಕೆ, ಕಾರು ಇಷ್ಟಕ್ಕೆ, ಮೂವತ್ತು ತಿಂಗಳು ಸಂಬಳದಿಂದ ಕಡಿತವಾದದ್ದು ಇಷ್ಟು, ಅರ್ಜಿದಾರರು ಪೂರ್ತಿ ಸಹಕಾರ ಕೊಟ್ಟಿದ್ದಾರೆ, ಏನನ್ನೂ ಮುಚ್ಚಿಟ್ಟಿಲ್ಲ. 'ಏನನ್ನೂ' ಎಂದು ರಿಸೀವರ್ ಓದುವಾಗ ಅವನು ಕಿಟಕಿಯ ಸರಳಿನ ತುಕ್ಕನ್ನು ನೋಡುತ್ತಿದ್ದ. "ಸಾಲ ಕೊಟ್ಟವರ ಕಡೆಯಿಂದ ಯಾರದಾದರೂ ಆಕ್ಷೇಪಣೆ?" ಎಂದರು ನ್ಯಾಯಾಧೀಶೆ, ಉತ್ತರಕ್ಕೆ ಕಾಯದೆ ಪೆನ್ನು ಎತ್ತಿಕೊಳ್ಳುತ್ತ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ನಂದಿದೆ ಮೇಡಂ. ಪಟ್ಟೀಲಿ ಏಳನೆಯವಳು. ಇವನ ಅಕ್ಕ."

"ಹೇಳಿ. ಬಿಡುಗಡೆ ಕೊಡಬಾರದು ಅಂತೀರಾ?"

"ಕೊಡಿ ಮೇಡಂ. ಕೊಡಬೇಡಿ ಅಂತ ನಾನ್ಯಾಕೆ ಹೇಳಲಿ? ನನ್ನ ಮೊತ್ತ ತಪ್ಪು ಬರೆದಿದೆ. ನಾಲ್ಕು ಅಂತಿದೆ. ನಾನು ಕೊಟ್ಟಿದ್ದು ಆರು. ಅಷ್ಟು ತಿದ್ದಿಬಿಡಿ."

ವಕೀಲ ಎದ್ದ. "ಉಳಿದ ಎರಡಕ್ಕೆ ದಾಖಲೆ ಏನೂ ಇಲ್ಲ ಮೇಡಂ. ಎರಡೂವರೆ ವರ್ಷ ಇವರು ಒಂದು ಕಾಗದ ಹಾಕಿಲ್ಲ."

"ಕಾಗದ ಇಲ್ಲ" ಎಂದಳು ಅಕ್ಕ. ಅವಳ ದನಿ ನಡುಗುತ್ತಿರಲಿಲ್ಲ, ಆದರೆ ತರಗತಿಯ ಕೊನೆಯ ಬೆಂಚಿಗೆ ಕೇಳಲಿ ಎಂಬಂತೆ ಒಂದು ಸುತ್ತು ಹೆಚ್ಚೇ ಏರಿತ್ತು. "ಇವನನ್ನೇ ಕೇಳಿ. ಇಲ್ಲ ಅಂದ್ರೆ ಇಲ್ಲ. ನಾನು ಮನೆಗೆ ಹೋಗ್ತೀನಿ. ನಂಗೆ ಆ ದುಡ್ಡು ಬೇಡ ಮೇಡಂ, ಬರೋದೂ ಇಲ್ಲ, ಗೊತ್ತು. ಬ್ಯಾಂಕಿಂದ ಎರಡು ಲಕ್ಷ ತೆಗೆದು ಏನು ಮಾಡಿದೆ ಅಂತ ನಮ್ಮನೆಯವರು ಕೇಳ್ತಾರೆ. ತಮ್ಮನಿಗೆ ಕೊಟ್ಟೆ ಅಂದೆ. ಕೋರ್ಟಿನ ಕಾಗದ ತಂದು ಮುಂದೆ ಹಿಡಿದರು. ಅದರಲ್ಲಿ ನಾಲ್ಕು. ಎರಡು ವರ್ಷದಿಂದ ನಾನು ನನ್ನ ಮನೇಲೇ ಸುಳ್ಳುಗಾತಿ, ಕಳ್ಳಿ. ಅವರು ಇಲ್ಲೇ ಕೂತಿದಾರೆ. ಅವರ ಕಿವಿಗೆ ಬೀಳೋ ಹಾಗೆ ಇವನು ಹೇಳಲಿ, ಅಷ್ಟೇ."

ಭಾವ ತಲೆ ಎತ್ತಲಿಲ್ಲ. ಅವರ ಬೋಳುತಲೆಯ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು.

"ನೀವೇ ಹೇಳಿ" ಎಂದರು ನ್ಯಾಯಾಧೀಶೆ ಅವನಿಗೆ. "ಕೊಟ್ಟಿದ್ದಾರಾ?"

ವಕೀಲನ ಶೂ ಅವನ ಶೂವಿನ ಮೇಲೆ ಬಂದು ಒತ್ತಿತು. ಒಂಬತ್ತನೇ ಸೈಜು, ಚರ್ಮದ ಹಾಗೆ ಕಾಣುವ ಆದರೆ ಚರ್ಮವಲ್ಲದ ಮಾಲು, ಮಳೆ ಕಂಡರೆ ಬಾಯಿ ಬಿಡುತ್ತದೆ ಎಂದು ಅವನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಇಲ್ಲ ಎಂದರೆ ಹತ್ತು ನಿಮಿಷ. ಹೆಂಡತಿ ಬೆಳಿಗ್ಗೆ, ಆಸ್ಪತ್ರೆಯ ನೋಂದಣಿ ಮೇಜಿನ ಕೆಲಸಕ್ಕೆ ಹೊರಡುವ ಮುನ್ನ, ಏನೂ ಹೇಳದೆ ಅವನ ಅಂಗಿಯ ಕಾಲರಿಗೆ ಇನ್ನೊಮ್ಮೆ ಇಸ್ತ್ರಿ ಹಾಕಿದ್ದಳು. ಮಗಳ ಕಾಲೇಜಿನ ಫೀಸು ಮುಂದಿನ ತಿಂಗಳು. ಇಲ್ಲ ಎನ್ನುವ ಮಾತು ಏನೂ ದೊಡ್ಡದಲ್ಲ, ಈ ವರ್ಷಗಳಲ್ಲಿ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಾನೆ: ಯಜಮಾನರು ಇಲ್ಲ, ಚೆಕ್ಕು ಬಂದಿಲ್ಲ, ನೆನಪಿಲ್ಲ. ನೆನಪಿಲ್ಲ ಎಂದರೂ ಆದೀತು, ಮೆತ್ತಗಿನ ಸುಳ್ಳು. ಅಕ್ಕ ಅವನ ಕಡೆ ನೋಡುತ್ತಿರಲಿಲ್ಲ. ಅವಳು ನ್ಯಾಯಾಧೀಶೆಯ ಮೇಜಿನ ಅಂಚನ್ನು ನೋಡುತ್ತಿದ್ದಳು, ಹಿಡಿಕೆ ಹಿಡಿದ ಬೆರಳ ಗಿಣ್ಣು ಬೆಳ್ಳಗಾಗಿತ್ತು. ಹೆದರಿದ್ದಾಳೆ ಎಂದು ಅವನಿಗೆ ಹೊಳೆಯಿತು. ನಾನು ಇಲ್ಲ ಎನ್ನಬಹುದು ಎಂದು ಇವಳಿಗೆ ಗೊತ್ತಿದೆ. ತನ್ನ ತಮ್ಮ ಇಲ್ಲ ಎನ್ನಬಲ್ಲ ಮನುಷ್ಯ ಎಂದು ಗೊತ್ತಿದ್ದೇ, ಎರಡು ಬಸ್ಸು ಬದಲಾಯಿಸಿ ಬಂದಿದ್ದಾಳೆ. ಎಲ್ಲ ಹರಾಜಾದ ದಿನವೂ ಅವನಿಗೆ ಇಷ್ಟು ಬೆತ್ತಲೆ ಅನ್ನಿಸಿರಲಿಲ್ಲ.

"ಕೊಟ್ಟಿದಾಳೆ" ಎಂದ. ಕೆಮ್ಮಿ ಮತ್ತೆ ಹೇಳಿದ. "ಎರಡು ಲಕ್ಷ, ಕೈಯಲ್ಲಿ ಕೊಟ್ಟಿದಾಳೆ. ನಾನು ಎಣಿಸಿ ತಗೊಂಡಿದೀನಿ. ಭಾವ, ಕೊಟ್ಟಿದಾಳೆ."

"ಆ ಕಡೆ ಅಲ್ಲ, ಇಲ್ಲಿ ನೋಡಿ ಮಾತಾಡಿ" ಎಂದರು ನ್ಯಾಯಾಧೀಶೆ. "ಪಟ್ಟಿಯಲ್ಲಿ ಯಾಕೆ ಬರೆಯಲಿಲ್ಲ? ಆ ಹಣ ಏನಾಯ್ತು?"

ವಕೀಲನ ಕಾಲು ಸರಿದುಹೋಯಿತು. ಇನ್ನು ಒತ್ತಿ ಪ್ರಯೋಜನವಿರಲಿಲ್ಲ. ಅವನು ಹೇಳಿದ. ಅಧ್ಯಕ್ಷರ ಹೆಸರು, ಕಚೇರಿ, ಡ್ರಾಯರು. ಅರ್ಜಿಗೆ ಎಷ್ಟು ದಿನ ಮುಂಚೆ? ಹನ್ನೊಂದು. ಅವರು ಒತ್ತಾಯ ಮಾಡಿದ್ದರಾ? ಇಲ್ಲ. ಮತ್ತೆ ಅವರಿಗೊಬ್ಬರಿಗೇ ಯಾಕೆ? "ಅವರ ಮುಂದೆ ಮರ್ಯಾದೆ ಹೋಗುತ್ತೆ ಅಂತ ಮೇಡಂ." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬ್ಯಾಂಕಿನ ಹುಡುಗಿ ಇರಬೇಕು. ರಿಸೀವರನ ಪೆನ್ನು ಓಡುತ್ತಿತ್ತು. ಏನನ್ನೂ ಮುಚ್ಚಿಟ್ಟಿಲ್ಲ ಎಂಬ ಸಾಲನ್ನು ಅವನು ಹೊಡೆದುಹಾಕಿದ್ದು ಇಲ್ಲಿಂದಲೇ ಕಾಣಿಸಿತು. ಬಿಡುಗಡೆಯ ಆದೇಶ ಇವತ್ತಿಲ್ಲ. ಆ ಪಾವತಿಯ ವಿಚಾರಣೆಯಾಗಲಿ, ತಿದ್ದಿದ ಪಟ್ಟಿ ಬರಲಿ, ಎರಡು ತಿಂಗಳು ಮುಂದಕ್ಕೆ. "ಸುಳ್ಳು ಪಟ್ಟಿ ಕೊಟ್ಟಿದ್ದಕ್ಕೆ ಅರ್ಜಿಯನ್ನೇ ವಜಾ ಮಾಡಬಹುದಿತ್ತು, ತಿಳಿದಿರಲಿ" ಎಂದು ನ್ಯಾಯಾಧೀಶೆ ಸೀನಿದರು.

ಹೊರಗೆ ಬಂದ ಮೇಲೆ ವಕೀಲ ಮೆಲ್ಲಗೆ, ಹಲ್ಲು ಕಚ್ಚಿಕೊಂಡು ಬೈದ. "ದಡಕ್ಕೆ ಬಂದ ದೋಣೀನ ಒದ್ದು ಮುಳುಗಿಸಿದ್ರಲ್ರೀ. ನನ್ನ ಫೀಸೂ ಅದರಲ್ಲೇ ಇತ್ತು." ಅವನಿಗೆ ಅದು ಕೇಳಿಸುತ್ತಿತ್ತು, ತಟ್ಟುತ್ತಿರಲಿಲ್ಲ. ಮೆಟ್ಟಿಲಿನ ಕೆಳಗೆ ಅಕ್ಕ ನಿಂತಿದ್ದಳು. ಹತ್ತಿರ ಹೋದ.

"ಅಕ್ಕ, ನಂಗೆ ಗೊತ್ತೇ ಇರಲಿಲ್ಲ, ಮನೇಲಿ ಹೀಗಾಗಿದೆ ಅಂತ."

"ಗೊತ್ತಿದ್ದಿದ್ರೆ?"

ಅವನು ಮೆಟ್ಟಿಲಿನ ಅಂಚಿಗೆ ಶೂವಿನ ಮಣ್ಣು ಉಜ್ಜಿದ.

"ಆ ಕಾಗದ ಆರು ತಿಂಗಳಿಗೊಂದು ಸಲ ಬರುತ್ತೆ ಕಣೋ" ಎಂದಳು. "ಪ್ರತಿ ಸಲ ನಾಲ್ಕು, ನಾಲ್ಕು, ನಾಲ್ಕು. ಕೊನೆಕೊನೆಗೆ ನಂಗೇ ಅನುಮಾನ ಬರೋಕೆ ಶುರುವಾಯ್ತು, ನಿಜವಾಗ್ಲೂ ಕೊಟ್ನಾ, ಎಲ್ಲಾದ್ರೂ ಇಟ್ಟು ಮರೆತ್ನಾ ಅಂತ. ಬೀರು ಎಲ್ಲ ಹುಡುಕಿದೀನಿ, ಗೊತ್ತಾ? ಕೊಟ್ಟಿದ್ದು ಗೊತ್ತಿದ್ದೂ ಹುಡುಕಿದೀನಿ."

"ತಪ್ಪಾಯ್ತಕ್ಕ."

"ತಪ್ಪು ಗಿಪ್ಪು ಅನ್ನೋದೆಲ್ಲ ಬೇಡ. ಸಂಬಳಕ್ಕೆ ಅಂತ ತಗೊಂಡು ಹೋಗಿ ಆ ದೊಡ್ಡ ಮನುಷ್ಯನ ಡ್ರಾಯರಿಗೆ ಹಾಕಿದ್ಯಲ್ಲ, ಅದು ಇವತ್ತು ಗೊತ್ತಾಯ್ತು. ಅದಕ್ಕೆ ಬೇರೆ ಸಿಟ್ಟು ಮಾಡ್ಕೊಬೇಕು, ಮನೆಗೆ ಹೋಗಿ ಮಾಡ್ಕೊತೀನಿ."

ಭಾವ ಇಷ್ಟು ಹೊತ್ತೂ ಗೇಟಿನ ಬಳಿ ಬೆನ್ನು ಹಾಕಿ ನಿಂತಿದ್ದರು. ಈಗ ನಡೆದು ಬಂದರು. ಅವನನ್ನು ನೋಡಲಿಲ್ಲ. "ಬಸ್ಸಿಗೆ ಹೊತ್ತಾಯ್ತು" ಎಂದು ಅಕ್ಕನಿಗೆ ಹೇಳಿ, ಒಂದು ಗಳಿಗೆ ಅಲ್ಲೇ ನಿಂತು, ಅವಳ ಕೈಯಿಂದ ಚೀಲ ತೆಗೆದುಕೊಂಡರು. ಅಕ್ಕ ಕೊಡಲಿಲ್ಲ ಮೊದಲು. ಭಾವ ಹಿಡಿಕೆ ಬಿಡಲಿಲ್ಲ. ಆಮೇಲೆ ಕೊಟ್ಟಳು. ಇಬ್ಬರೂ ರಸ್ತೆ ದಾಟುವುದನ್ನು ಅವನು ನೋಡುತ್ತ ನಿಂತ. ಭಾವ ಮುಂದೆ, ಅಕ್ಕ ಎರಡು ಹೆಜ್ಜೆ ಹಿಂದೆ. ರಸ್ತೆಯ ನಡುವೆ ಭಾವ ನಿಂತು ಅವಳು ಬರುವವರೆಗೆ ಕಾದರು.

ಅಂಗಡಿಗೆ ಮರಳುವಾಗ ಒಂದೂವರೆ. ಯಜಮಾನ ಊಟದ ಡಬ್ಬಿ ಮುಚ್ಚುತ್ತಿದ್ದ. ಇನ್ನೊಂದು ಸುಳ್ಳಿಗೆ ಅವನಲ್ಲಿ ತ್ರಾಣವಿರಲಿಲ್ಲ. "ಡಾಕ್ಟರ ಹತ್ರ ಹೋಗಿರಲಿಲ್ಲ. ಕೋರ್ಟಿಗೆ ಹೋಗಿದ್ದೆ. ನಂದೊಂದು ದಿವಾಳಿ ಕೇಸು ನಡೀತಿದೆ" ಎಂದ. ಯಜಮಾನ ಕೈ ಒರೆಸಿಕೊಳ್ಳುತ್ತ ಅವನನ್ನೇ ನೋಡಿದ. "ಗೊತ್ತು. ನಿಮ್ಮ ಸಂಬಳದಿಂದ ತಿಂಗಳು ತಿಂಗಳು ಕಡಿದು ಕಳಿಸೋನು ನಾನೇ ಅಲ್ವಾ? ಕೋರ್ಟಿನ ಪತ್ರ ನಂಗೇ ತಾನೇ ಬರೋದು?" ಅವನು ಎರಡೂವರೆ ವರ್ಷ, ಪ್ರತಿ ತಿಂಗಳು, ಕಡಿದ ಸಂಬಳವನ್ನು ಈ ಕೈಯಿಂದಲೇ ತೆಗೆದುಕೊಂಡು, ಇವನಿಗೆ ಗೊತ್ತಿಲ್ಲ ಎಂದು ನಂಬಿಕೊಂಡಿದ್ದನಲ್ಲ. ಮರ್ಯಾದೆ ಮರ್ಯಾದೆ ಎಂದು ಬಟ್ಟೆಯಲ್ಲಿ ಸುತ್ತಿ ಸುತ್ತಿ ಇಟ್ಟುಕೊಂಡದ್ದನ್ನು ಊರೆಲ್ಲ ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟಿದೆ. "ಸ್ಟಾಕ್ ರೂಮಲ್ಲಿ ಮಕ್ಕಳ ಶೂ ಬಂದಿದೆ, ಸೈಜು ನೋಡಿ ಜೋಡಿಸಿ" ಎಂದ ಯಜಮಾನ. ಸಂಜೆಯವರೆಗೆ ಏಣಿ ಹತ್ತಿ ಇಳಿದು ಪೆಟ್ಟಿಗೆ ಜೋಡಿಸಿದ. ಎರಡು ಸಲ ತಪ್ಪು ಜೋಡಿಸಿ ಮತ್ತೆ ಕಿತ್ತ.

ವಿಚಾರಣೆಯ ಪತ್ರ ತಮಗೆ ಮುಟ್ಟಿದ ಮೂರನೆಯ ದಿನ ಅಧ್ಯಕ್ಷರು ಅಂಗಡಿಗೆ ಬಂದರು. ಗದ್ದಲ ಮಾಡಲಿಲ್ಲ. ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. "ಕಪ್ಪು, ಲೇಸಿಲ್ಲದ್ದು." ಅವನು ಮೊಣಕಾಲೂರಿ ಅವರ ಹಳೆಯ ಶೂ ಕಳಚಿದ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು. "ನಾನು ಕೇಳಿರಲಿಲ್ಲವಲ್ಲಪ್ಪ" ಎಂದರು ತಗ್ಗಿದ ದನಿಯಲ್ಲಿ. "ನೀನಾಗೇ ತಂದಿಟ್ಟೆ. ಈಗ ರಿಸೀವರು ವಾಪಸು ಕಟ್ಟು ಅಂತಾನೆ. ಈ ವಯಸ್ಸಲ್ಲಿ ನನ್ನನ್ನ ಕೋರ್ಟಿಗೆ ಹತ್ತಿಸಿದ್ಯಲ್ಲೋ, ಮೂರಂಗಡಿ."

"ಹೌದು ಸಾರ್. ಹಾಗೆ ಕೊಡಬಾರದಿತ್ತು. ಅದು ನಮ್ಮಕ್ಕನ ದುಡ್ಡು."

"ಅದು ನಂಗೆ ಹೇಗಪ್ಪ ಗೊತ್ತಾಗಬೇಕು?"

"ಗೊತ್ತಾಗೋ ಹಾಗಿರಲಿಲ್ಲ. ಎದ್ದು ನಡೆದು ನೋಡಿ ಸಾರ್."

ಅವರು ಕನ್ನಡಿಯವರೆಗೆ ನಡೆದರು, ತಿರುಗಿ ಬಂದರು. ಇವರ ಮುಂದೆ ಮರ್ಯಾದೆ ಹೋಗಬಾರದು ಎಂದು ಹಾರಾಡಿದ ಆ ಮನುಷ್ಯ ಯಾರು ಎಂದು ಅವನು ಕೆಳಗಿನಿಂದಲೇ ನೋಡುತ್ತ ಯೋಚಿಸಿದ. ಮರ್ಯಾದೆ ಹೋಗಿಯಾಗಿತ್ತು, ಎದುರಿಗೇ ಹೋಗಿತ್ತು. ಹೋದ ಮೇಲೂ ಅವರ ಬಲಗಾಲಿಗೆ ಶೂ ಬಿಗಿಯಾಗಿದೆ ಎಂದು ಅವನಿಗೆ ಕಾಣುತ್ತಿತ್ತು. "ಅರ್ಧ ಸೈಜು ದೊಡ್ಡದು ಕೊಡ್ತೀನಿ" ಎಂದ. ಅವರು ತೆಗೆದುಕೊಳ್ಳಲಿಲ್ಲ. ಹಳೆಯದನ್ನೇ ಮೆಟ್ಟಿಕೊಂಡು, ಅವನು ಬಾಗಿ ಹಾಕಿಕೊಡುವವರೆಗೂ ಕಾಯದೆ, ಹೋದರು.

ಎರಡು ತಿಂಗಳೆಂದದ್ದು ಐದಾಯಿತು. ಅಧ್ಯಕ್ಷರು ಕಟ್ಟಿದ ಎರಡು ಲಕ್ಷ ಎಲ್ಲರಿಗೂ ಹಂಚಿಹೋಯಿತು. ತಿದ್ದಿದ ಪಟ್ಟಿಯಲ್ಲಿ ಅಕ್ಕನ ಹೆಸರಿನ ಮುಂದೆ ಆರು ಎಂದು ಬಂದು, ಅವಳ ಪಾಲಿಗೆ ಇಪ್ಪತ್ತೆಂಟು ಸಾವಿರಕ್ಕೆ ಸ್ವಲ್ಪ ಕಡಿಮೆ ಬಂತು. ಅವನಿಗೆ ಇನ್ನಾರು ತಿಂಗಳ ಕಡಿತ ದಂಡ. ಅದೂ ಮುಗಿದು, ಒಂದು ದಿನ ಬಿಡುಗಡೆಯ ಆದೇಶ ಅಂಚೆಯಲ್ಲಿ ಬಂತು, ಒಂದೇ ಹಾಳೆ, ಕೆಳಗೆ ಸೀಲು ಓರೆಯಾಗಿ ಬಿದ್ದಿತ್ತು. ಹೆಂಡತಿ ಅದನ್ನು ಎರಡು ಸಲ ಓದಿ ಮಡಿಸಿಟ್ಟಳು. ಅತ್ತಳೋ ಇಲ್ಲವೋ ಅವನು ನೋಡಲಿಲ್ಲ. ಒಳಗೆ ಪಾತ್ರೆಗಳ ಸದ್ದು ಹೆಚ್ಚಾಗಿತ್ತು. ಮೊದಲ ಪೂರ್ತಿ ಸಂಬಳ ಬಂದ ದಿನ ಅವನು ಅದರಲ್ಲಿ ಒಂದು ಭಾಗ ಬೇರೆ ಲಕೋಟೆಗೆ ಹಾಕಿದ.

"ಅದು ಯಾರಿಗೆ?" ಎಂದಳು.

"ಅಕ್ಕನಿಗೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ."

"ಕೋರ್ಟು ಬಿಟ್ಟಿದೆ."

"ಬಿಟ್ಟಿದೆ. ಆದ್ರೂ..."

ಅವಳು ಲಕೋಟೆ ತೆಗೆದುಕೊಂಡಳು. ಸಿಟ್ಟಿನಿಂದಲ್ಲ. ಹೊಸ ಪಾಸ್‌ಬುಕ್ಕಿನ ಒಳಗಿಟ್ಟು ಮುಚ್ಚಿದಳು. "ಕೊಡೋಣ. ಈಗಲ್ಲ. ಮೊದಲು ಮೂರು ತಿಂಗಳ ಬಾಡಿಗೆ, ಮಗಳ ಫೀಸು, ಒಂದು ಕಾಯಿಲೆಗೆ ಆಗೋವಷ್ಟು ಪಕ್ಕಕ್ಕಿರಲಿ. ಇವತ್ತು ಅಕ್ಕನಿಗೆ ಕೊಟ್ಟು, ನಾಳೆ ಜ್ವರ ಬಂದಾಗ ಇನ್ಯಾರ ಹತ್ರಾನೋ ಕೈ ಚಾಚ್ತೀರಿ. ನಿಮ್ಮನ್ನ ನೋಡಿದೀನಿ ನಾನು. ಕೊಡೋ ಖುಷಿಗೂ ಸಾಲ ಮಾಡೋ ಜನ ನೀವು." ಅವನು ವಾದ ಮಾಡಲು ಬಾಯಿ ತೆರೆದ. ಆ ಡ್ರಾಯರು, ಆ ಎಣಿಸದ ಕೈ ಕಣ್ಣ ಮುಂದೆ ಬಂದು, ಮುಚ್ಚಿದ. ಅವಳು ಹೇಳಿದ್ದು ನಿಜ. ನಿಜವಾದ್ದರಿಂದಲೇ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ.

ಭಾನುವಾರ ಎರಡು ಬಸ್ಸು ಬದಲಾಯಿಸಿ ಅಕ್ಕನ ಮನೆಗೆ ಹೋದ. ಕೈ ಬೀಸಿಕೊಂಡು ಹೋದ. ದಾರಿಯಲ್ಲಿ ಮೂರು ಅಂಗಡಿಯ ಮುಂದೆ ನಿಂತ, ಹಣ್ಣು ಒಯ್ಯಲೇ, ಬಿಸ್ಕತ್ತು ಒಯ್ಯಲೇ ಎಂದು. ಆ ಮನೆಗೆ ಅವನು ಯಾವತ್ತೂ ಬರಿಗೈಯಲ್ಲಿ ಹೋದವನಲ್ಲ. ಶೂ ಪೆಟ್ಟಿಗೆಯೋ, ಇಲ್ಲದಿದ್ದರೆ ಮುಂದಿನ ತಿಂಗಳು ಖಂಡಿತ ಎಂಬ ಮಾತೋ, ಏನಾದರೊಂದು ಇರುತ್ತಿತ್ತು. ಇವತ್ತು ಎರಡೂ ಇರಲಿಲ್ಲ. ಗಂಟೆ ಒತ್ತಿ, ಕೈಯನ್ನು ಎಲ್ಲಿಡುವುದು ತಿಳಿಯದೆ, ಮೊದಲು ಹಿಂದೆ ಕಟ್ಟಿಕೊಂಡ, ಆಮೇಲೆ ಬಿಟ್ಟ.

ಬಾಗಿಲು ತೆರೆದದ್ದು ಭಾವ. ಬನಿಯನ್ನಿನ ಮೇಲೆ ಧೂಳು, ಹಣೆಯಲ್ಲಿ ಬೆವರು. ಅವನ ಮುಖ ನೋಡಿದರು, ಕೈ ನೋಡಿದರು.

"ಏನು ಬಂದೆ?"

"ಸುಮ್ನೆ ಭಾವ. ಏನೂ ತಂದಿಲ್ಲ."

ಭಾವ ಬಾಗಿಲಲ್ಲೇ ನಿಂತಿದ್ದರು. ಒಳಗಿನಿಂದ ಅಕ್ಕನ ದನಿ ಬಂತು: "ಯಾರ್ರೀ ಅದು?" ಭಾವ ಅರ್ಧ ಪಕ್ಕಕ್ಕೆ ಸರಿದರು. ಅವನು ಓರೆಯಾಗಿ ನುಸುಳಿ ಒಳಗೆ ಬಂದ. ನಡುಮನೆಯಲ್ಲಿ ಸಾಮಾನು ಹರವಿತ್ತು, ಗೋಡೆಗೆ ಅರ್ಧ ಬಣ್ಣ ಬಳಿದಿತ್ತು, ಕಬ್ಬಿಣದ ಬೀರು ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದು ಸಿಕ್ಕಿಕೊಂಡಿತ್ತು. ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು ಅದರ ಪಕ್ಕ ನಿಂತಿದ್ದಳು. ಅವನನ್ನು ಕಂಡು ಅವಳ ಮುಖ ಗಂಟಿಕ್ಕಿ, ಮತ್ತೆ ಸಡಿಲವಾಯಿತು.

"ಬಂದ್ಯಾ" ಎಂದಳು. "ನಿಂತ್ಕೊಂಡು ಏನು ನೋಡ್ತೀಯ? ಚಪ್ಪಲಿ ಬಿಟ್ಟು ಬಾ. ಬೆಳಿಗ್ಗೆಯಿಂದ ಇವರೊಬ್ಬರೇ ತಳ್ತಿದಾರೆ, ಅಲುಗ್ತಾ ಇಲ್ಲ. ಕೆಳಗಿಂದ ಹಿಡಿ, ಬಾಗಿಲು ಹಿಡಿದ್ರೆ ಕಿತ್ಕೊಂಡು ಬರುತ್ತೆ."

ಅವನು ಅಂಗಿಯ ತೋಳು ಮಡಚಿ ಆ ಬದಿಗೆ ಹೋದ. ಭಾವ ಈ ಬದಿಗೆ ಬಂದರು. ಮಂಡಿ ಊರಿ, ಬೀರುವಿನ ತಳಕ್ಕೆ ಬೆರಳು ತೂರಿಸಿದ. ಕಬ್ಬಿಣ ತಣ್ಣಗಿತ್ತು, ಅಂಚು ಚೂಪಾಗಿತ್ತು. ಒಳಗೆ ಏನೇನೋ ಉರುಳಿದ ಸದ್ದಾಯಿತು. ಇದರೊಳಗೇ ಇವಳು ಆ ದುಡ್ಡು ಹುಡುಕಿದ್ದು ಎಂಬ ಯೋಚನೆ ಬಂದು ಅವನ ಹಿಡಿತ ಒಂದಿಷ್ಟು ಸಡಿಲವಾಯಿತು, ಅವನು ಮತ್ತೆ ಬಿಗಿ ಮಾಡಿದ.

"ನಾನು ಎತ್ತು ಅಂದಾಗ ಎತ್ತು" ಎಂದರು ಭಾವ ಆ ಕಡೆಯಿಂದ. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. "ಅವಸರ ಮಾಡಬೇಡ."

"ಇಲ್ಲ ಭಾವ."

"ಎತ್ತು."

ಎತ್ತಿದರು. ಬೀರು ಮೊದಲು ಅವನ ಕಡೆಗೆ ವಾಲಿತು, ಪೂರ್ತಿ ಭಾರ ಎದೆಗೆ ಬಂದು ನಿಂತಿತು, ಉಸಿರು ಕಟ್ಟಿತು.

"ನಿನ್ನ ಕಡೆ ಜಾಸ್ತಿ ಬಿತ್ತಾ?" ಎಂದು ಕೇಳಿದರು ಭಾವ.

"ಇರಲಿ" ಎಂದ ಅವನು. "ಹಿಡ್ಕೊಂಡಿದೀನಿ. ನಡೀರಿ."